ಬಲಕ್ಕೆ ಎಳೆಯುವ ಜೀಪು

ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ ಕೂಡಲೇ ಜೀಪು ಬಲಕ್ಕೆ ಹೋಗುತ್ತಿತ್ತು. ಬಲಕ್ಕೆ ಅಂದರೆ ಎದುರಿನಿಂದ ಬರುವ ಬಸ್ಸಿನ ಕಡೆಗೆ. ಇದು ನನಗೆ ಸರಿಯಾಗಿ ಗೊತ್ತಾಗಿದ್ದು ಶಿವಮೊಗ್ಗದಿಂದ ವಾಪಸ್ ಬರುವಾಗ, ಮಂಡಗದ್ದೆ ದಾಟಿದ ಮೇಲೆ. ತಿರುವಿನಲ್ಲಿ ಬಸ್ಸು ಕಂಡಿತು, ಕಾಲು ತೆಗೆದೆ, ಬ್ರೇಕ್ ಇನ್ನೂ ಮುಟ್ಟಿರಲಿಲ್ಲ, ಅಷ್ಟರಲ್ಲಿ ಜೀಪಿನ ಮೂತಿ ಬಿಳಿ ಗೆರೆಯ ಮೇಲಿತ್ತು. ಎಡಕ್ಕೆ ಎಳೆದು ಹಿಡಿದೆ. ಬಸ್ಸು ಹೋಯಿತು. ಆಮೇಲೆ ಬದಿಗೆ ನಿಲ್ಲಿಸಿ, ಕೈ ನಡುಕ ನಿಲ್ಲುವ ತನಕ ಸುಮ್ನೆ ಕೂತಿದ್ದೆ.

ಜೀಪು ಚಿಕ್ಕಪ್ಪನದ್ದು, 1994ರದ್ದು. ಡೀಸೆಲ್, ಫೋರ್ ವೀಲ್ ಡ್ರೈವ್, ಮೇಲೆ ಟಾರ್ಪಾಲು. ಮೇಗರವಳ್ಳಿ ಹತ್ತಿರ ನಮ್ಮ ಮನೆ, ತೋಟ ಇಳಿಜಾರಿನ ಕೆಳಗೆ. ಮಳೆಗಾಲದಲ್ಲಿ ಆ ದಾರಿಗೆ ಬೇರೆ ಯಾವ ಗಾಡಿಯೂ ಇಳಿಯುವುದಿಲ್ಲ, ಇಳಿದರೆ ಹತ್ತುವುದಿಲ್ಲ. ಚಿಕ್ಕಪ್ಪನಿಗೆ ಮಂಡಿ ನೋವು ಶುರುವಾದ ಮೇಲೆ ಜೀಪು ಮೂರು ವರ್ಷ ಕೊಟ್ಟಿಗೆ ಪಕ್ಕ ನಿಂತಿತ್ತು. ಅಡಿಕೆ ಕೊಯ್ಲಿಗೆ ಬೇಕಾಗುತ್ತದೆ ಅಂತ ನಾನು ಅಕ್ಟೋಬರ್‌ನಲ್ಲಿ ಹೊರಗೆ ತೆಗೆದೆ. ಇಂಜಿನ್ ಚೆನ್ನಾಗಿಯೇ ಇತ್ತು. ಓಡಿಸುವುದು ಮಾತ್ರ ಭಯ. ಸ್ಟೇರಿಂಗ್ ಚಕ್ರದ ಅಂಚಿನಲ್ಲಿ ಅಳೆದರೆ ನಾಲ್ಕು ಇಂಚು ಬರೀ ಪ್ಲೇ, ಅಷ್ಟು ತಿರುಗಿಸಿದ ಮೇಲೆ ಮುಂದಿನ ಚಕ್ರ ಅಲ್ಲಾಡುತ್ತಿತ್ತು. ನೇರ ರಸ್ತೆಯಲ್ಲೂ ಎಡ ಬಲ, ಎಡ ಬಲ ಅಂತ ಸರಿಪಡಿಸುತ್ತಲೇ ಇರಬೇಕು. ಅದರ ಮೇಲೆ ಈ ಬಲಕ್ಕೆ ಎಳೆಯುವುದು ಬೇರೆ.

ಯಾರಿಗೆ ಹೇಳಿದರೂ ಒಂದೇ ಉತ್ತರ. "ಹಳೇ ಜೀಪು ಅಂದ್ರೆ ಹಂಗೇ ಮಾರಾಯ." ಈ ಮಾತನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನಾನು ಚಿಕ್ಕವನಿದ್ದಾಗ ಚಿಕ್ಕಪ್ಪ ಇದೇ ಜೀಪನ್ನು ಆಗುಂಬೆ ಘಾಟಿಯಲ್ಲಿ ಇಳಿಸಿಕೊಂಡು ಸೋಮೇಶ್ವರಕ್ಕೆ ಹೋಗುತ್ತಿದ್ದರು, ಹದಿನಾಲ್ಕು ಹೇರ್‌ಪಿನ್ ತಿರುವಿನಲ್ಲೂ ಮಾತು ನಿಲ್ಲಿಸುತ್ತಿರಲಿಲ್ಲ. ನಾಲ್ಕೂ ಕಡೆ ಪ್ಲೇಟ್ ಸ್ಪ್ರಿಂಗು, ಮುಂದೆ ಹಿಂದೆ ಗಟ್ಟಿ ಆಕ್ಸಲ್ ಇರುವ ಈ ವಿನ್ಯಾಸ 1941ರ ಯುದ್ಧದ ಜೀಪಿನ ಕಾಲದಿಂದ ಬಂದದ್ದು. ಕಾರಿನಷ್ಟು ಮೆತ್ತಗೆ ಓಡುವುದಿಲ್ಲ, ಸರಿ. ಆದರೆ ಕಾಲು ತೆಗೆದರೆ ಎದುರಿನ ಗಾಡಿ ಕಡೆ ಹೋಗು ಅಂತ ಯಾರೂ ಅದನ್ನು ಮಾಡಿರಲಿಲ್ಲ ಅಲ್ವಾ? ವಯಸ್ಸಾಗಿದೆ ಅನ್ನುವುದು ಕಾಯಿಲೆಯ ಹೆಸರಲ್ಲ. ಯಾವುದೋ ಒಂದು ಭಾಗ ಸವೆದಿದೆ, ಇಲ್ಲ ಸಡಿಲವಾಗಿದೆ, ಇಲ್ಲ ಜಾಗ ಬಿಟ್ಟಿದೆ. ಅದು ಯಾವುದು ಅಂತ ಹುಡುಕಬೇಕು, ಅಷ್ಟೇ.

ಮೊದಲು ದುಡ್ಡು ಖರ್ಚಿಲ್ಲದ್ದನ್ನು ನೋಡಿದೆ. ಟೈರಿನ ಗಾಳಿ. ಮುಂದೆ ಎಡಗಡೆ 36 ಪಿಎಸ್‌ಐ, ಬಲಗಡೆ 24. ನಾಲ್ಕಕ್ಕೂ 26 ಹಾಕಿದೆ. ಎಡ ಬಲ ಅಲೆಯುವುದು ಸ್ವಲ್ಪ ಕಡಿಮೆಯಾಯಿತು, ಎಳೆತ ಹಾಗೇ ಇತ್ತು. ಟೈರಿನ ಪಕ್ಕದಲ್ಲಿ ಒಂದು ನಾಲ್ಕಂಕಿಯ ಗುರುತು ಇರುತ್ತದೆ, ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ನನ್ನದರಲ್ಲಿ 2311 ಅಂತ ಇತ್ತು. ಅಂದರೆ 2011ರ 23ನೇ ವಾರದ ಟೈರು. ಹಲ್ಲು ಚೆನ್ನಾಗಿ ಉಳಿದಿತ್ತು, ಆದರೆ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ಬದಲಾಯಿಸಲೇಬೇಕು, ಆದರೆ ಈಗಲೇ ಬದಲಾಯಿಸಿದರೆ ಎಳೆತಕ್ಕೆ ಕಾರಣ ಟೈರೋ ಇನ್ನೊಂದೋ ಗೊತ್ತಾಗುವುದಿಲ್ಲ. ಹಾಗಾಗಿ ಮುಂದಿನ ಎಡದ ಚಕ್ರ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದೆ. ಟೈರಿನ ದೋಷವಾಗಿದ್ದರೆ ಎಳೆತವೂ ಎಡಕ್ಕೆ ಬರಬೇಕಿತ್ತು. ಬರಲಿಲ್ಲ. ಬಲಕ್ಕೇ ಎಳೆಯಿತು.

ಬ್ರೇಕ್ ಹಿಡಿದುಕೊಂಡಿರಬಹುದಾ ಅಂತ ಮುಂದಿನ ಅನುಮಾನ. ಹತ್ತು ಕಿಲೋಮೀಟರ್ ಓಡಿಸಿ, ಬ್ರೇಕ್ ಆದಷ್ಟು ಮುಟ್ಟದೆ ನಿಲ್ಲಿಸಿ, ನಾಲ್ಕೂ ಡ್ರಮ್ ಹತ್ತಿರ ಕೈಯ ಹಿಂಬದಿ ಹಿಡಿದು ನೋಡಿದೆ. ಯಾವುದಾದರೂ ಒಂದು ಜಾಸ್ತಿ ಬಿಸಿ ಇದ್ದರೆ ಆ ಚಕ್ರದ ಬ್ರೇಕ್ ಬಿಡುತ್ತಿಲ್ಲ ಅಂತ ಅರ್ಥ. ನಾಲ್ಕೂ ಒಂದೇ ಥರ ಇದ್ದವು.

ಇಷ್ಟಾದ ಮೇಲೆ ಪೇಟೆಯ ಒಂದು ಗ್ಯಾರೇಜಿಗೆ ಕೊಟ್ಟೆ. ಅವರು ಜೀಪಿನ ಅಡಿಗೆ ಹೋಗಿ ನೋಡಿದರೋ ಇಲ್ಲವೋ, ನಾನು ಹೋಗುವಷ್ಟರಲ್ಲಿ ಸ್ಟೇರಿಂಗ್ ಕಡೆಯ ಬಾಲ್ ಜಾಯಿಂಟ್‌ಗಳೆಲ್ಲ ಹೊಸದಾಗಿದ್ದವು, ಸ್ಟೇರಿಂಗ್ ಬಾಕ್ಸ್ ಮೇಲಿನ ಸ್ಕ್ರೂ ಬಿಗಿ ಮಾಡಿದ್ದರು. 11,000 ರೂಪಾಯಿ ಆಯಿತು. ಪ್ಲೇ ಕಡಿಮೆಯಾಗಿತ್ತು, ನಿಜ. ಆದರೆ ಈಗ ಸ್ಟೇರಿಂಗ್ ಭಾರ. ತಿರುವು ಮುಗಿದ ಮೇಲೆ ತಾನಾಗಿ ನೆಟ್ಟಗಾಗುತ್ತಿರಲಿಲ್ಲ, ನಾನೇ ತಿರುಗಿಸಿ ತರಬೇಕು. ಬಾಕ್ಸಿನ ಸ್ಕ್ರೂ ಇರುವುದು ಬಾಕ್ಸಿನ ಒಳಗಿನ ಸವೆತಕ್ಕೆ. ಹೊರಗೆ ಲಿಂಕುಗಳಲ್ಲಿರುವ ಪ್ಲೇಯನ್ನು ಆ ಸ್ಕ್ರೂ ತಿರುಗಿಸಿ ಮುಚ್ಚಲು ಹೋದರೆ ಬಾಕ್ಸ್ ನಡುವಿನಲ್ಲಿ ಬಿಗಿಯಾಗಿ ಹಿಡಿಯುತ್ತದೆ, ಬೇಗ ಹಾಳೂ ಆಗುತ್ತದೆ. ಇದನ್ನು ನಾನು ಕಲಿತದ್ದು ಆಮೇಲೆ.

ವೀಲ್ ಅಲೈನ್‌ಮೆಂಟ್ ಕೂಡ ಮಾಡಿಸಿದೆ, ಶಿವಮೊಗ್ಗದಲ್ಲಿ. ಮುಂದಿನ ಎರಡು ಚಕ್ರಕ್ಕೆ ಮಾತ್ರ ಮೀಟರ್ ಕಟ್ಟಿದರು, ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಓರೆ, ಸರಿ ಮಾಡಿದರು, ಎಲ್ಲ ಹಸಿರು ಬಣ್ಣದಲ್ಲಿರುವ ಚೀಟಿ ಕೊಟ್ಟರು. ಆ ಚೀಟಿ ಹಿಡಿದುಕೊಂಡು ವಾಪಸ್ ಬರುವಾಗ ಗಾಜನೂರು ಹತ್ತಿರ ಕಾಲು ತೆಗೆದೆ. ಬಲಕ್ಕೆ.

ಆ ಭಾನುವಾರ ನಾನೇ ಅಡಿಗೆ ಹೋದೆ. ತಂಗಿ ಡ್ರೈವರ್ ಸೀಟಿನಲ್ಲಿ ಕೂತಳು. ಇಂಜಿನ್ ಆಫ್, ಚಕ್ರ ನೆಲದ ಮೇಲೇ ಇರಬೇಕು, ಜಾಕಿ ಹಾಕಬಾರದು. ಅವಳು ಸ್ಟೇರಿಂಗನ್ನು ಒಂದು ಕೈ ಅಗಲದಷ್ಟು ಮಾತ್ರ ಎಡಕ್ಕೆ, ಬಲಕ್ಕೆ, ನಿಲ್ಲಿಸದೆ ಅಲ್ಲಾಡಿಸುತ್ತಿರಬೇಕು. ನಾನು ಕೆಳಗೆ ಮಲಗಿ ಒಂದೊಂದು ಜಾಯಿಂಟನ್ನೂ ನೋಡಬೇಕು, ಕೈಯಲ್ಲಿ ಹಿಡಿದು ನೋಡಬೇಕು. ಕಣ್ಣಿಗೆ ಕಾಣದ ಪ್ಲೇ ಬೆರಳಿಗೆ ಸಿಗುತ್ತದೆ. ಅಂಗಳದ ಅಂಚಿನಲ್ಲಿ ಇನ್ನೂ ಹಸಿ ಇತ್ತು, ಮುಕ್ಕಾಲು ಗಂಟೆಯಲ್ಲಿ ಕಾಲಿಗೆ ಮೂರು ಉಂಬಳ ಹತ್ತಿದ್ದವು. ಆದರೆ ಅಷ್ಟು ಹೊತ್ತಿನಲ್ಲಿ ನನಗೆ ಸಿಕ್ಕಿದ್ದು ಅದುವರೆಗೆ ಯಾರೂ ಹೇಳದ ಎರಡು ವಿಷಯ.

ಒಂದು, ಬೆಲ್ ಕ್ರ್ಯಾಂಕ್. ನಮ್ಮ ಜೀಪಿನಲ್ಲಿ ಸ್ಟೇರಿಂಗ್ ಬಾಕ್ಸಿನಿಂದ ಬರುವ ಡ್ರ್ಯಾಗ್ ಲಿಂಕ್ ನೇರವಾಗಿ ಚಕ್ರಕ್ಕೆ ಹೋಗುವುದಿಲ್ಲ. ನಡುವೆ ಒಂದು ತಿರುಗುವ ತೋಳು ಇರುತ್ತದೆ, ಅಲ್ಲಿಂದ ಎರಡು ರಾಡು ಎರಡು ಚಕ್ರಕ್ಕೆ ಹೋಗುತ್ತವೆ. ಆ ತೋಳೇ ಬೆಲ್ ಕ್ರ್ಯಾಂಕ್. ತಂಗಿ ಸ್ಟೇರಿಂಗ್ ತಿರುಗಿಸಿದಾಗ ಅದು ಮೊದಲು ಮೇಲೆ ಕೆಳಗೆ ವಾಲುತ್ತಿತ್ತು, ಆಮೇಲೆ ತಿರುಗುತ್ತಿತ್ತು. ಒಳಗಿನ ಪಿನ್ನು ಬೇರಿಂಗು ಎರಡೂ ಹೋಗಿದ್ದವು. ಪೇಟೆಯವರು ಅದರ ಎರಡೂ ಬದಿಯ ಜಾಯಿಂಟ್ ಹೊಸದು ಹಾಕಿ, ನಡುವಿನ ಇದನ್ನು ಹಾಗೇ ಬಿಟ್ಟಿದ್ದರು.

ಇನ್ನೊಂದು, ಬಲ ಮುಂದಿನ ಚಕ್ರದ ಕಿಂಗ್ ಪಿನ್. ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಎಡಕ್ಕೆ ಬಲಕ್ಕೆ ತಿರುಗುವುದು ಈ ಪಿನ್ನಿನ ಮೇಲೆ. ಆಕ್ಸಲ್ ಅಡಿಗೆ ಜಾಕಿ ಕೊಟ್ಟು ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದೆ. ಟಕ್ ಟಕ್ ಅಂತ ಬಡಿಯುತ್ತಿತ್ತು. ಈ ಸದ್ದು ವೀಲ್ ಬೇರಿಂಗಿನಿಂದಲೂ ಬರಬಹುದು, ಕಿಂಗ್ ಪಿನ್‌ನಿಂದಲೂ ಬರಬಹುದು. ಬೇರೆ ಮಾಡುವ ದಾರಿ ಸುಲಭ. ತಂಗಿಗೆ ಬ್ರೇಕ್ ಒತ್ತಿ ಹಿಡಿ ಅಂದೆ. ಬ್ರೇಕ್ ಒತ್ತಿದಾಗ ಡ್ರಮ್ಮು ಹಿಂದಿನ ತಟ್ಟೆಗೆ ಹಿಡಿದುಕೊಳ್ಳುತ್ತದೆ, ವೀಲ್ ಬೇರಿಂಗಿನ ಪ್ಲೇ ಮಾಯವಾಗುತ್ತದೆ. ಆಗಲೂ ಅಲ್ಲಾಡಿದರೆ ಅದು ಕಿಂಗ್ ಪಿನ್. ನನ್ನದು ಆಗಲೂ ಅಲ್ಲಾಡಿತು.

ಇದನ್ನೆಲ್ಲ ಬರೆದುಕೊಂಡು ಈ ಸಲ ತೀರ್ಥಹಳ್ಳಿ ಕಡೆಯ ಒಬ್ಬ ಹಿರಿಯ ಮೇಸ್ತ್ರಿ ಹತ್ತಿರ ಹೋದೆ. ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪುಗಳ ಕೆಲಸ ಮಾಡಿ ಕೈ ಪಳಗಿದವರು. ನನ್ನ ಚೀಟಿ ಓದಿ, ಅದಷ್ಟನ್ನೇ ಬಿಚ್ಚಿದರು. ಕಿಂಗ್ ಪಿನ್ ಬೇರಿಂಗಿನ ಹಾದಿಯಲ್ಲಿ ರೋಲರಿನ ಗುರುತು ಕುಳಿ ಬಿದ್ದಿತ್ತು, ಉಗುರಿಗೆ ಸಿಗುತ್ತಿತ್ತು. ಹೊಸ ಬೇರಿಂಗ್ ಹಾಕಿ, ಮುಚ್ಚಳದ ಅಡಿಯ ತೆಳು ಶಿಮ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಬಿಗಿ ನೋಡಿದರು. ಎಷ್ಟು ಬಿಗಿ ಅನ್ನುವುದನ್ನು ಕೈ ಅಂದಾಜಿನಲ್ಲಿ ಬಿಡಲಿಲ್ಲ. ರಾಡು ಕಳಚಿ, ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಅದೇ ತೂತಿಗೆ ಸಿಕ್ಕಿಸಿ ಎಳೆದು, ತಿರುಗಲು ಎಷ್ಟು ಕೆಜಿ ಎಳೆತ ಬೇಕು ಅಂತ ಓದಿದರು. ಎರಡೂ ಕಡೆ ಒಂದೇ ಬರುವ ತನಕ ಶಿಮ್ ಬದಲಾಯಿಸಿದರು. ನೋಡುತ್ತಾ ನಿಂತಿದ್ದ ನನಗೆ ತುಂಬಾ ಸಮಾಧಾನವಾಯಿತು. ಬೆಲ್ ಕ್ರ್ಯಾಂಕಿಗೆ ಹೊಸ ಪಿನ್ನು, ಬೇರಿಂಗು. ಸ್ಟೇರಿಂಗ್ ಬಾಕ್ಸಿನ ಸ್ಕ್ರೂ ಸಡಿಲಿಸಿ ಸರಿಯಾದ ಜಾಗಕ್ಕೆ ತಂದರು. ಟೋ ಮತ್ತೆ ನೋಡಬೇಕಾಯಿತು. ಟೈರಿನ ಮೇಲೆ ಸುಣ್ಣದಲ್ಲಿ ಗೆರೆ ಎಳೆದು, ಆಕ್ಸಲ್ ಎತ್ತರದಲ್ಲಿ ಮುಂದೆ ಒಮ್ಮೆ ಅಳೆದು, ಜೀಪನ್ನು ಅರ್ಧ ಸುತ್ತು ಉರುಳಿಸಿ ಅದೇ ಗುರುತನ್ನು ಹಿಂದೆ ಅಳೆದು, ಮುಂದೆ 2 ಮಿ.ಮೀ. ಕಡಿಮೆ ಬರುವಂತೆ ಇಟ್ಟರು. ಟೇಪು ಬಿಟ್ಟರೆ ಬೇರೇನೂ ಬೇಕಾಗಲಿಲ್ಲ.

ನಾಲ್ಕು ಇಂಚಿನ ಪ್ಲೇ ಒಂದು ಇಂಚಿಗೆ ಬಂತು. ಸ್ಟೇರಿಂಗ್ ಹಗುರವಾಯಿತು. ಖುಷಿಯಲ್ಲಿ ಮನೆ ಕಡೆ ಹೊರಟೆ. ಊರಿನ ಇಳಿಜಾರಿನಲ್ಲಿ ಕಾಲು ತೆಗೆದೆ, ಮತ್ತೆ ಬಲಕ್ಕೆ ಎಳೆಯಿತು. ಮೊದಲಿಗಿಂತ ಸ್ಪಷ್ಟವಾಗಿ ಎಳೆಯಿತು, ಯಾಕೆಂದರೆ ಈಗ ನಡುವೆ ಬೇರೆ ಪ್ಲೇ ಇರಲಿಲ್ಲ.

ರಾತ್ರಿ ಮೇಸ್ತ್ರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಆಕ್ಸಿಲರೇಟರ್ ಒತ್ತಿದಾಗ ಎಂತ ಮಾಡ್ತದೆ?"

"ಒತ್ತಿದಾಗ ನೆಟ್ಟಗೆ ಹೋಗ್ತದೆ ಮೇಸ್ತ್ರಿಗಳೇ. ಬಿಟ್ಟರೆ, ಬ್ರೇಕ್ ಹಾಕಿದರೆ ಬಲಕ್ಕೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಮುಂದೆ ನೋಡ್ಬೇಡ. ಹಿಂದೆ ನೋಡು. ಬೆಳಿಗ್ಗೆ ಅಂಗಳದಲ್ಲಿ ನೀರು ಹಾಕಿ ಜೀಪು ಓಡಿಸು, ಟೈರಿನ ಗುರುತು ನೋಡು."

ನಮ್ಮದು ಜಂಬಿಟ್ಟಿಗೆ ಮಣ್ಣಿನ ಅಂಗಳ. ಬೆಳಿಗ್ಗೆ ಎರಡು ಕೊಡ ನೀರು ಚೆಲ್ಲಿ, ಸ್ಟೇರಿಂಗ್ ಅಲ್ಲಾಡಿಸದೆ ನಿಧಾನಕ್ಕೆ ನೆಟ್ಟಗೆ ಓಡಿಸಿ, ಬ್ರೇಕ್ ಹಾಕಿ ನಿಲ್ಲಿಸಿದೆ. ಇಳಿದು ನೋಡಿದರೆ ಗುರುತು ಒಂದರ ಮೇಲೊಂದು ಬಿದ್ದಿರಲಿಲ್ಲ. ಎರಡೂ ಬದಿಯಲ್ಲಿ ಹಿಂದಿನ ಟೈರಿನ ಗುರುತು ಮುಂದಿನದಕ್ಕಿಂತ ಎರಡು ಬೆರಳಿನಷ್ಟು ಎಡಕ್ಕೆ ಸರಿದಿತ್ತು. ಜೀಪು ಏಡಿಯ ಹಾಗೆ ಸ್ವಲ್ಪ ಓರೆಯಾಗಿ ನಡೆಯುತ್ತಿತ್ತು! ಮುಂದಿನ ಎರಡು ಚಕ್ರಕ್ಕೆ ಮಾತ್ರ ಮೀಟರ್ ಕಟ್ಟಿ ಅಳೆದರೆ ಇದು ಹೇಗೆ ಕಾಣುತ್ತದೆ? ಆ ಚೀಟಿಯ ಹಸಿರು ಬಣ್ಣ ಸುಳ್ಳಾಗಿರಲಿಲ್ಲ, ಅದು ಹಿಂದಿನ ಆಕ್ಸಲ್ ಬಗ್ಗೆ ಏನೂ ಹೇಳುತ್ತಿರಲಿಲ್ಲ ಅಷ್ಟೇ.

ಗಾರೆ ಕೆಲಸದ ತೂಗುಗುಂಡು ಮನೆಯಲ್ಲಿತ್ತು. ನಾಲ್ಕೂ ಚಕ್ರದ ನಡುವಿನಿಂದ ಗುಂಡು ಇಳಿಬಿಟ್ಟು ನೆಲಕ್ಕೆ ಗುರುತು ಹಾಕಿದೆ, ಜೀಪು ಮುಂದಕ್ಕೆ ತೆಗೆದು ಟೇಪು ಹಿಡಿದೆ. ಬಲಗಡೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಎಷ್ಟಿತ್ತೋ, ಎಡಗಡೆ ಅದಕ್ಕಿಂತ 22 ಮಿ.ಮೀ. ಜಾಸ್ತಿ. ಮುಂದಿನ ಆಕ್ಸಲ್ ಸರಿದಿದೆಯೋ ಹಿಂದಿನದೋ ತಿಳಿಯಲು, ಹಿಂದಿನ ಸ್ಪ್ರಿಂಗಿನ ಮುಂಭಾಗದ ಬೋಲ್ಟಿನಿಂದ ಆಕ್ಸಲ್ ತನಕ ಎರಡೂ ಕಡೆ ಅಳೆದೆ. ಅಲ್ಲೂ ಅದೇ ವ್ಯತ್ಯಾಸ. ಹಿಂದಿನ ಆಕ್ಸಲ್‌ನ ಎಡ ಬದಿ ಹಿಂದಕ್ಕೆ ಹೋಗಿದೆ. ಆಮೇಲೆ ಜೀಪನ್ನು ಅಂಗಳದ ಏರಿಗೆ ಫಸ್ಟ್ ಗೇರಿನಲ್ಲಿ ಹತ್ತಿಸಿ, ಬ್ರೇಕ್ ಮುಟ್ಟದೆ ಗೇರಿನಲ್ಲೇ ನಿಲ್ಲಿಸಿ, ಚಕ್ರದ ಹಿಂದೆ ಕಲ್ಲು ಕೊಟ್ಟು ಅಳೆದೆ. 9 ಮಿ.ಮೀ. ಅಂದರೆ ಆಕ್ಸಲ್ ಒಂದು ಕಡೆ ಕೂತಿಲ್ಲ, ಹಿಂದೆ ಮುಂದೆ ಓಡಾಡುತ್ತಿದೆ.

22 ಮಿ.ಮೀ. ಏನು ಮಹಾ ಅನ್ನಿಸಬಹುದು. ಎಡ ಬಲ ಚಕ್ರದ ನಡುವಿನ ಅಗಲಕ್ಕೆ ಲೆಕ್ಕ ಹಾಕಿದರೆ ಅದು ಸುಮಾರು ಒಂದು ಡಿಗ್ರಿ. ಒಂದು ಡಿಗ್ರಿ ಓರೆಯಾದ ಚಕ್ರ 100 ಮೀಟರ್ ಉರುಳುವಷ್ಟರಲ್ಲಿ 1.75 ಮೀಟರ್ ಪಕ್ಕಕ್ಕೆ ಹೋಗಲು ನೋಡುತ್ತದೆ. ಎಡ ಬದಿ ಹಿಂದೆ ಹೋದಾಗ ಹಿಂದಿನ ಚಕ್ರಗಳು ಎಡಕ್ಕೆ ಮುಖ ಮಾಡುತ್ತವೆ, ಜೀಪಿನ ಹಿಂಭಾಗ ಎಡಕ್ಕೆ ಹೋಗುತ್ತದೆ, ಮೂತಿ ಬಲಕ್ಕೆ ತಿರುಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಚಕ್ರ ನೆಲವನ್ನು ಹಿಂದಕ್ಕೆ ತಳ್ಳುವುದರಿಂದ ಆಕ್ಸಲ್ ಮುಂದಕ್ಕೆ ಬರುತ್ತದೆ, ನೆಟ್ಟಗಾಗುತ್ತದೆ. ಕಾಲು ತೆಗೆದರೆ ಮತ್ತೆ ಹಿಂದಕ್ಕೆ. ಸ್ಟೇರಿಂಗ್ ಹಿಡಿದ ಕೈಗೆ ಮಾತ್ರ ಎಲ್ಲ ಮುಂದೆ ನಡೆಯುತ್ತಿರುವ ಹಾಗೆ ಅನ್ನಿಸುತ್ತದೆ.

ಎಡ ಹಿಂದಿನ ಸ್ಪ್ರಿಂಗ್ ಹತ್ತಿರ ಹೋಗಿ ಮಣ್ಣು ಕೆರೆದೆ. ಪ್ಲೇಟುಗಳ ಅಡಿಯಿಂದ ಕೆಂಪು ತುಕ್ಕಿನ ಹುಡಿ ಬರುತ್ತಿತ್ತು, ಆಕ್ಸಲ್ ಕೂರುವ ಜಾಗದಲ್ಲಿ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುವ ಗೆರೆ. ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟಿನ ನಟ್ಟಿಗೆ ಪಾನಾ ಹಾಕಿದರೆ ಜೋರೇ ಬೇಕಾಗಲಿಲ್ಲ. ಮೇಸ್ತ್ರಿ ಬಂದು ಬಿಚ್ಚಿದಾಗ ಸೆಂಟರ್ ಬೋಲ್ಟ್ ಎರಡು ತುಂಡಾಗಿತ್ತು, ತಲೆ ಮಾತ್ರ ತೂತಿನಲ್ಲಿ ಉಳಿದಿತ್ತು.

ನಾನು ಅದುವರೆಗೆ ಸೆಂಟರ್ ಬೋಲ್ಟೇ ಆಕ್ಸಲ್ಲನ್ನು ಹಿಡಿದಿರುತ್ತದೆ ಅಂದುಕೊಂಡಿದ್ದೆ. ಮೇಸ್ತ್ರಿ ತಿದ್ದಿದರು. ಅದು ಪ್ಲೇಟುಗಳನ್ನು ಒಟ್ಟಿಗೆ ಇಡುವುದಕ್ಕೆ, ಆಕ್ಸಲ್ ಎಲ್ಲಿ ಕೂರಬೇಕು ಅಂತ ತೋರಿಸುವುದಕ್ಕೆ. ಭಾರ ಹೊರುವ ಬಿಗಿ ಯು ಬೋಲ್ಟಿನದು. ಯು ಬೋಲ್ಟ್ ಸಡಿಲವಾದರೆ ಆಕ್ಸಲ್‌ನ ಎಳೆತ ಪೂರ್ತಿ ಆ ಸಣ್ಣ ಬೋಲ್ಟಿನ ಮೇಲೆ ಬೀಳುತ್ತದೆ, ಅದು ತಡೆಯುವುದಿಲ್ಲ.

ಚಿಕ್ಕಪ್ಪ ಜಗಲಿ ಮೇಲೆ ಕೂತು ಇದನ್ನೆಲ್ಲ ಕೇಳುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅಂದರು, "ಜೀಪು ನಿಲ್ಲಿಸೋ ವರ್ಷ ಆ ಬದಿ ಪ್ಲೇಟ್ ಕಟ್ ಆಗಿತ್ತಲ್ಲ ಮಾರಾಯ. ಗೊಬ್ಬರ ಹೊರೋಕೆ ಒಂದು ಪ್ಲೇಟ್ ಜಾಸ್ತಿ ಹಾಕಿಸಿದ್ದೆ. ಹಳೇ ಯು ಬೋಲ್ಟನ್ನೇ ಹಾಕಿದ್ರು."

ಅಲ್ಲಿಗೆ ಎಲ್ಲ ಅರ್ಥವಾಯಿತು. ಹೊಸ ಪ್ಲೇಟ್ ಹಾಕಿದಾಗ ಕೆಲವು ದಿನ ಓಡಿದ ಮೇಲೆ ಪ್ಲೇಟುಗಳು ಒಂದಕ್ಕೊಂದು ಒತ್ತಿ ಕೂರುತ್ತವೆ, ಯು ಬೋಲ್ಟಿನ ಬಿಗಿ ತಾನಾಗಿ ಕಡಿಮೆಯಾಗುತ್ತದೆ. ಮತ್ತೆ ಬಿಗಿ ಮಾಡಲೇಬೇಕು. ಯಾರೂ ಮಾಡಿರಲಿಲ್ಲ. ಹಿಗ್ಗಿದ ಹಳೇ ಯು ಬೋಲ್ಟ್ ಆದ್ದರಿಂದ ಇನ್ನೂ ಬೇಗ ಸಡಿಲವಾಗಿತ್ತು.

ಎರಡೂ ಬದಿಗೆ ಹೊಸ ಸೆಂಟರ್ ಬೋಲ್ಟ್, ಎಂಟು ಹೊಸ ನಟ್ಟಿನ ಜೊತೆ ಹೊಸ ಯು ಬೋಲ್ಟ್, ಸ್ಪ್ರಿಂಗ್ ಕಣ್ಣಿಗೆ ಹೊಸ ಬುಷ್. ಜಾಸ್ತಿ ಹಾಕಿದ್ದ ಪ್ಲೇಟ್ ತೆಗೆಸಿದೆ. ಎಡಕ್ಕೆ ಮಾತ್ರ ಇದ್ದಿದ್ದರಿಂದ ಜೀಪು ಬಲಕ್ಕೆ ವಾಲಿಕೊಂಡೇ ಇತ್ತು. ಜೀಪಿನ ಭಾರ ಚಕ್ರದ ಮೇಲೆ ಬಿಟ್ಟು, ಒಂದಕ್ಕೊಂದು ಓರೆಯಾಗಿ ಎದುರಿರುವ ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದರು. ಇಷ್ಟಕ್ಕೆಲ್ಲ ಮೊದಲ ಗ್ಯಾರೇಜಿಗೆ ಕೊಟ್ಟಿದ್ದರ ಅರ್ಧವೂ ಆಗಲಿಲ್ಲ. ಮತ್ತೆ ತೂಗುಗುಂಡು ಹಿಡಿದೆ, ವ್ಯತ್ಯಾಸ 2 ಮಿ.ಮೀ.

ಎಳೆತ ಪೂರ್ತಿ ಹೋಯಿತು. ಕೈಗೆ ಉಳಿದಿದ್ದು ಇನ್ನೊಂದು ಸಣ್ಣ ಬೇಸರ. ತಿರುವು ಮುಗಿದ ಮೇಲೆ ಸ್ಟೇರಿಂಗ್ ನಿಧಾನಕ್ಕೆ ನೆಟ್ಟಗಾಗುತ್ತಿತ್ತು, ವೇಗ ಹೆಚ್ಚಾದರೆ ಇನ್ನೂ ಸ್ವಲ್ಪ ಅಲೆಯುತ್ತಿತ್ತು. ಅದಕ್ಕೆ ಕಾರಣ ಮುಂದಿನ ಶ್ಯಾಕಲ್, ಅಂದರೆ ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಸೇರಿಸುವ ಅಲ್ಲಾಡುವ ಪಟ್ಟಿ. ಯಾವಾಗಲೋ ಜೀಪು ಎತ್ತರ ಕಾಣಲಿ ಅಂತ 50 ಮಿ.ಮೀ. ಜಾಸ್ತಿ ಉದ್ದದ ಶ್ಯಾಕಲ್ ಹಾಕಿಸಿದ್ದರು. ನಮ್ಮ ಜೀಪಿನಲ್ಲಿ ಮುಂದಿನ ಸ್ಪ್ರಿಂಗಿನ ಶ್ಯಾಕಲ್ ಮೂತಿ ಕಡೆ ಇದೆ. ಅಲ್ಲಿ ಉದ್ದ ಮಾಡಿದರೆ ಸ್ಪ್ರಿಂಗು ಮುಂದಕ್ಕೆ ಬಗ್ಗುತ್ತದೆ, ಅದರ ಜೊತೆ ಕಿಂಗ್ ಪಿನ್ನಿನ ಮೇಲ್ತುದಿಯೂ ಮುಂದಕ್ಕೆ ವಾಲುತ್ತದೆ. ಆ ಮೇಲ್ತುದಿ ಹಿಂದಕ್ಕೆ ವಾಲಿರುವುದನ್ನೇ ಕ್ಯಾಸ್ಟರ್ ಅನ್ನುತ್ತಾರೆ, ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವ ಹಾಗೆ. ಚಕ್ರ ತಾನಾಗಿ ನೆಟ್ಟಗಾಗುವುದು ಅದರಿಂದ. ಈ ಥರದ ಜೀಪಿಗೆ ಸುಮಾರು 3 ಡಿಗ್ರಿ ಬೇಕು. ಸಮನೆಲದಲ್ಲಿ ನಿಲ್ಲಿಸಿ, ಕಿಂಗ್ ಪಿನ್ ಮುಚ್ಚಳದ ಮೇಲೆ ಮೊಬೈಲ್ ಇಟ್ಟು ಲೆವೆಲ್ ನೋಡಿದರೆ ಅರ್ಧ ಡಿಗ್ರಿ ತೋರಿಸಿತು. ಹಳೇ ಅಳತೆಯ ಶ್ಯಾಕಲ್ ಹುಡುಕಿ ಹಾಕಿಸಿದೆ. ಮೂತಿ ಒಂದು ಇಂಚು ಇಳಿಯಿತು, ಕ್ಯಾಸ್ಟರ್ 3ರ ಹತ್ತಿರ ಬಂತು. ಇದೆಲ್ಲ ಆದ ಮೇಲೆಯೇ ಹೊಸ ಟೈರ್ ಕೊಂಡೆ.

ಕೊಯ್ಲು ಶುರುವಾಗುವ ಹಿಂದಿನ ವಾರ ಚಿಕ್ಕಪ್ಪನನ್ನು ಕೂರಿಸಿಕೊಂಡು ಆಗುಂಬೆಗೆ ಹೋದೆ. ಘಾಟಿಯ ಬಾಯಿಯಲ್ಲಿ ಅವರು, "ಇಳಿ, ನಾನು ಹಿಡೀತೇನೆ" ಅಂದರು. ಮಂಡಿ ನೋವು ಅಂತ ನಾನು ಹೇಳಲು ಹೋಗಲಿಲ್ಲ. ಸೆಕೆಂಡ್ ಗೇರಿನಲ್ಲಿ ಇಳಿಸಿದರು, ಒಂದೊಂದು ತಿರುವಿನಲ್ಲೂ ಕಾಲು ತೆಗೆದಾಗ ನಾನು ಮೂತಿಯನ್ನೇ ನೋಡುತ್ತಿದ್ದೆ. ಅದು ಹಿಡಿದ ಕಡೆಯೇ ಇತ್ತು. ನಾಲ್ಕನೇ ತಿರುವಿನ ಹೊತ್ತಿಗೆ ಚಿಕ್ಕಪ್ಪ ಯಾವುದೋ ಹಳೇ ಅಡಿಕೆ ರೇಟಿನ ಕಥೆ ಶುರು ಮಾಡಿದ್ದರು.

ಮನೆಗೆ ಬಂದು ಯು ಬೋಲ್ಟಿಗೆ ಪಾನಾ ಹಾಕಿದೆ. ಅಷ್ಟರಲ್ಲಿ 100 ಕಿಲೋಮೀಟರ್ ಓಡಿತ್ತು. ಎಡದ ಎರಡು ನಟ್ಟು ಕಾಲು ಸುತ್ತು ತಿರುಗಿದವು. 500ಕ್ಕೆ ಮತ್ತೆ ನೋಡಿದೆ, ಒಂದೂ ಅಲ್ಲಾಡಲಿಲ್ಲ. ಎಲ್ಲ ನಟ್ಟಿನ ಮೇಲೂ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದಿದ್ದೇನೆ, ಸ್ವಲ್ಪ ತಿರುಗಿದರೂ ಗೆರೆ ಮುರಿದು ಕಾಣುತ್ತದೆ.